ಉಣುಗು ಕಚ್ಚಿದ ಬೇಸಿಗೆ

ನನಗೆ ಬಂದ ಕಾಯಿಲೆಯ ಹೆಸರನ್ನು ಕುವೈತಿನಲ್ಲಿ ಯಾರಿಗೆ ಹೇಳಿದರೂ ಎರಡನೇ ಸಲ ಹೇಳಬೇಕಾಗುತ್ತದೆ. ಉಣುಗು ಕಚ್ಚಿ ಬರುವ ಮಿದುಳಿನ ಉರಿಯೂತ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕಿಟಕಿಯಾಚೆಯ ಧೂಳು ನೋಡುತ್ತಾರೆ. ಈ ಮರಳಿನಲ್ಲಿ ನಿನ್ನನ್ನು ಉಣುಗು ಎಲ್ಲಿ ಹುಡುಕಿಕೊಂಡು ಬಂತು ಎನ್ನುವ ಪ್ರಶ್ನೆ ಅವರ ಕಣ್ಣಲ್ಲೇ ಇರುತ್ತದೆ. ಅದು ಇಲ್ಲಿಯದಲ್ಲ. ರಜೆಗೆ ಹೋದ ಕಡೆಯಿಂದ, ವಿಮಾನದ ಟಿಕೆಟನ್ನು ನಾನೇ ಬುಕ್ ಮಾಡಿ, ನಾನೇ ಹೊತ್ತು ತಂದದ್ದು.

ನಾನು ಕುವೈತ್ ನಗರದ ಮಿರ್ಕಾಬಿನಲ್ಲಿ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೆಸರು ಜೆಸಿಂತಾ. ಹುಟ್ಟಿದ್ದು ಕುಂದಾಪುರದ ಹತ್ತಿರ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಇಲ್ಲಿಗೆ ಬಂದ ಮೇಲೆ ಹೊಟ್ಟೆಪಾಡಿಗೆ ಕಲಿತ ಅರಬಿ. ಗಂಡ ವಲೇರಿಯನ್ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಗುತ್ತಿಗೆ ಕಂಪನಿಯೊಂದರ ಸುರಕ್ಷತಾ ಅಧಿಕಾರಿ. ಮಗಳು ರಿಯೋನಾ ಆಗ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಫಿಂಟಾಸಿನಲ್ಲಿ ನಮ್ಮ ಫ್ಲಾಟು. ಅಡುಗೆಮನೆಯ ಕಿಟಕಿಯಿಂದ ಒಂದು ಚೂರು ಸಮುದ್ರ ಕಾಣುತ್ತದೆ.

ಚಳಿಗಾಲ ಮುಗಿಯುವ ಹೊತ್ತಿಗೇ ಕುವೈತಿ ಕುಟುಂಬಗಳು ಬೇಸಿಗೆಯ ಯೋಜನೆ ಹಿಡಿದು ನಮ್ಮ ಆಫೀಸಿಗೆ ಬರುತ್ತವೆ. ಬಹಳ ಮಂದಿಗೆ ಬೇಕಾದದ್ದು ಆಸ್ಟ್ರಿಯಾ. ಬೆಟ್ಟ, ಸರೋವರ, ಮಳೆ, ಹಸಿರು. ಯಾವ ಹೋಟೆಲಿನ ಯಾವ ಮಹಡಿಯಿಂದ ಸರೋವರ ಕಾಣುತ್ತದೆ, ಯಾವ ಊರಿನಲ್ಲಿ ಹಲಾಲ್ ಊಟ ಸಿಗುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಆದರೆ ನಾನು ಆ ಕಡೆ ತಲೆ ಹಾಕಿದವಳಲ್ಲ. ನಮ್ಮ ರಜೆ ಎಂದರೆ ಮಂಗಳೂರಿನ ವಿಮಾನ, ಅಷ್ಟೇ. ಕೋವಿಡ್ಡಿನ ಬಾಗಿಲುಗಳೆಲ್ಲ ತೆರೆದ ಮೇಲಿನ ಬೇಸಿಗೆಯಲ್ಲಿ ವಲೇರಿಯನ್ ತಾನಾಗಿಯೇ ಹೇಳಿದ, "ಈ ಸಲ ನೀನು ಊರಿಗೆಲ್ಲ ಮಾರುವ ಆ ಬೆಟ್ಟ ನಾವೂ ನೋಡುವ." ಹಾಗೆ ಹೊರಟೆವು.

ಅಲ್ಲಿ ಕಳೆದ ದಿನಗಳ ಬಗ್ಗೆ ನನಗೆ ಈಗಲೂ ಸಿಟ್ಟಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜುಲೈಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುವ ಸುಖ ಏನೆಂದು ಕುವೈತಿನಲ್ಲಿರುವವರನ್ನೇ ಕೇಳಬೇಕು. ಒಂದು ಮಧ್ಯಾಹ್ನ ಊರಿನ ಮೇಲಿನ ಹುಲ್ಲುಗಾವಲಿಗೆ ನಡೆದೆವು. ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು, ನಡುವೆ ಹಳದಿ, ನೇರಳೆ ಹೂಗಳು. ರಿಯೋನಾ ಫೋಟೋ ತೆಗೆಯುತ್ತ ದಾರಿ ಬಿಟ್ಟು ಒಳಗೆ ಹೋದಳು, ನನ್ನನ್ನೂ ಕರೆದಳು. ನಾನು ಮೊಣಕಾಲಿನವರೆಗಿನ ಪ್ಯಾಂಟು ಹಾಕಿಕೊಂಡು ಆ ಹುಲ್ಲಿನಲ್ಲೇ ಕುಳಿತೆ. ದೂರದಲ್ಲಿ ಹಸುಗಳ ಕೊರಳ ಗಂಟೆ ಕೇಳುತ್ತಿತ್ತು. ಏಳಲು ಮನಸ್ಸೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ ಏನೋ ಕೈಗೆ ತಾಗಿತು. ನೋವಿಲ್ಲ, ತುರಿಕೆಯಿಲ್ಲ. ಹೊಸ ಮಚ್ಚೆಯೇನೋ ಎಂದುಕೊಂಡು ರಿಯೋನಾಳನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿ, "ಮಮ್ಮಾ, ಇಟ್ ಹ್ಯಾಸ್ ಲೆಗ್ಸ್" ಎಂದು ಹಿಂದೆ ಸರಿದಳು.

ಉಣುಗು ನಮಗೆ ಹೊಸದಲ್ಲ. ಊರಿನಲ್ಲಿ ದನದ ಕಿವಿಯಲ್ಲಿ, ನಾಯಿಯ ಕುತ್ತಿಗೆಯಲ್ಲಿ ನೋಡಿಯೇ ಬೆಳೆದವರು. ವಲೇರಿಯನ್ ಬೆರಳಲ್ಲೇ ಹಿಡಿದು ಕಿತ್ತು ಬೇಸಿನ್ನಿಗೆ ಹಾಕಿ ನೀರು ಬಿಟ್ಟ. ಗಾಯಕ್ಕೆ ಹಚ್ಚಲು ಏನಾದರೂ ಸಿಗುತ್ತದೆಯೇ ಎಂದು ಕೇಳಲು ನಾನು ಕೆಳಗೆ ಹೋದೆ. ಅತಿಥಿಗೃಹದ ಒಡತಿ ವಯಸ್ಸಾದ ಹೆಂಗಸು, ಎಣಿಸಿ ಎಣಿಸಿ ಇಂಗ್ಲಿಷ್ ಮಾತಾಡುವವರು. ನನ್ನ ಕಾಲು ನೋಡಿ ಔಷಧಿಯ ಬಾಟಲಿ ತಂದುಕೊಟ್ಟು, "ಲಸಿಕೆ ಆಗಿದೆ ಅಲ್ಲವೇ?" ಎಂದು ಕೇಳಿದರು. ಆ ಎರಡು ವರ್ಷ ವಿಮಾನ ನಿಲ್ದಾಣ, ಮಾಲು, ಆಫೀಸು, ಚರ್ಚು ಎಲ್ಲ ಕಡೆ ಕೇಳಿಸಿಕೊಂಡಿದ್ದ ಪ್ರಶ್ನೆ ಅದು. ಆಗಿದೆ, ಮೂರೂ ಆಗಿದೆ ಎಂದೆ. ಅವರ ಮುಖ ಹಗುರಾಯಿತು. ಇಲ್ಲಿ ನಾವೆಲ್ಲರೂ ತೆಗೆದುಕೊಳ್ಳುತ್ತೇವೆ, ಒಳ್ಳೆಯದು ಎಂದು ನನ್ನ ಭುಜ ತಟ್ಟಿದರು. ಅವರು ಕೇಳಿದ್ದು ಉಣುಗಿನ ಲಸಿಕೆ, ನಾನು ಹೇಳಿದ್ದು ಕೋವಿಡ್ಡಿನದು. ಇಬ್ಬರೂ ಸಮಾಧಾನವಾಗಿ ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಕುವೈತಿಗೆ ಮರಳಿ ಕೆಲಸಕ್ಕೆ ಹೋಗತೊಡಗಿದ ಮೇಲೆ ಜ್ವರ ಬಂತು. ಮೈಕೈ ನೋವು, ಸುಸ್ತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಎಸಿಯ ಚಳಿ. ಆಗಸ್ಟಿನಲ್ಲಿ ಹೀಗಾಗುವುದು ಹೊಸತೂ ಅಲ್ಲ. ನಮ್ಮ ಏರಿಯಾದ ಕ್ಲಿನಿಕ್ಕಿನಲ್ಲಿ ವೈರಲ್ ಎಂದು ಮಾತ್ರೆ ಕೊಟ್ಟರು. ಜ್ವರ ಬಿಟ್ಟಿತು. ಒಂದು ವಾರ ಪೂರ್ತಿ ಚೆನ್ನಾಗಿಯೇ ಇದ್ದೆ. ಇಲ್ಲಿ ವಾರದ ರಜೆಯಾದ ಶುಕ್ರವಾರ ಚರ್ಚಿಗೆ ಹೋಗಿ ಬಂದು, ಮಧ್ಯಾಹ್ನ ಮೀನಿನ ಸಾರು ಮಾಡಿದ್ದೂ ನೆನಪಿದೆ. ಕಾಯಿಲೆ ನನ್ನನ್ನು ಬಿಟ್ಟಿರಲಿಲ್ಲ, ಬಾಗಿಲ ಹೊರಗೆ ಕುಳಿತು ಸುಧಾರಿಸಿಕೊಳ್ಳುತ್ತಿತ್ತು ಎಂಬುದು ಆಮೇಲೆ ಗೊತ್ತಾದದ್ದು.

ಎರಡನೇ ಸಲ ಅದು ಬಂದದ್ದು ಆಫೀಸಿನಲ್ಲಿ, ನಡು ಹಗಲಲ್ಲಿ. ಬೆಳಿಗ್ಗೆಯಿಂದಲೇ ತಲೆ ಸಿಡಿಯುತ್ತಿತ್ತು. ಕಂಪ್ಯೂಟರಿನಲ್ಲಿ ಎದುರಿಗಿದ್ದ ಗಿರಾಕಿಯ ಹೆಸರು ಎರಡೆರಡಾಗಿ ಕಾಣತೊಡಗಿತು. ಮೌಸ್ ಹಿಡಿದ ಕೈ ನಡುಗಿತು. ಆತ ಏನೋ ಕೇಳಿದ, ನಾನು ಉತ್ತರಿಸಿದೆ. ಅವನು ಅರ್ಥವಾಗದೆ ನಮ್ಮ ಮ್ಯಾನೇಜರ್ ಕಡೆ ನೋಡಿದ. ನಾನು ಅವನಿಗೆ ಕೊಂಕಣಿಯಲ್ಲಿ ಹೇಳಿದ್ದೆನಂತೆ. ಮ್ಯಾನೇಜರ್ ನಬೀಲ್ ಲೆಬನಾನಿನವರು, ಯಾವಾಗಲೂ ತಮಾಷೆ ಮಾಡುವವರು. ಅವರು ಅಂದು ತಮಾಷೆ ಮಾಡಲಿಲ್ಲ. ವಲೇರಿಯನ್‌ಗೆ ಫೋನ್ ಮಾಡಿ, ನನ್ನನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು.

ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೆಂಗಸರ ಕಡೆಯ ಬೆಂಚಿನಲ್ಲಿ ಕುಳಿತದ್ದು ಚೂರು ಚೂರಾಗಿ ನೆನಪಿದೆ. ಟ್ಯೂಬ್ ಲೈಟು ಕಣ್ಣಿಗೆ ಸೂಜಿ ಹಾಕಿದಂತೆ ಚುಚ್ಚುತ್ತಿತ್ತು. ಕತ್ತು ಬಗ್ಗಿಸಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಕಪ್ಪು ಅಬಾಯಾ ತೊಟ್ಟ ಒಬ್ಬ ಅಜ್ಜಿ ತಮ್ಮ ಸರದಿಗೆ ಕಾಯುತ್ತಿದ್ದರು. ಅವರು ಏನೂ ಕೇಳದೆ ತಮ್ಮ ಶಾಲಿನ ತುದಿಯನ್ನು ನನ್ನ ಕಣ್ಣಿನ ಮೇಲೆ ಇಳಿಬಿಟ್ಟು, ನನ್ನ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು. ಊದಿನ ವಾಸನೆಯ ಆ ಕತ್ತಲೆಯಲ್ಲಿ ನಾನು ಹೆಸರು ಕರೆಯುವವರೆಗೂ ಇದ್ದೆ. ಅವರ ಮುಖ ನಾನು ನೋಡಿಲ್ಲ. ನೋಡಿದ್ದರೂ ನೆನಪಿಲ್ಲ.

ಮಿದುಳಿನಲ್ಲಿ ಸೋಂಕು ಇದೆ ಎಂಬುದು ಬೇಗ ತಿಳಿಯಿತು. ಬೆನ್ನಿನಿಂದ ನೀರು ತೆಗೆದರು, ಸ್ಕ್ಯಾನ್ ಮಾಡಿದರು. ಆದರೆ ಯಾವ ಸೋಂಕು ಎಂಬುದು ತಿಳಿಯಲಿಲ್ಲ. ಸಾಮಾನ್ಯವಾಗಿ ಬರುವ ಒಂದೊಂದನ್ನೇ ಪರೀಕ್ಷಿಸಿ ಬದಿಗಿಟ್ಟರು. ಅಷ್ಟರವರೆಗೆ ಎಲ್ಲದಕ್ಕೂ ಇರಲಿ ಎಂದು ಮದ್ದುಗಳನ್ನು ನರಕ್ಕೆ ಹರಿಸಿದರು. ನನ್ನನ್ನು ನೋಡುತ್ತಿದ್ದ ನರರೋಗ ತಜ್ಞೆ ಈಜಿಪ್ಟಿನವರು, ಮೆಲುದನಿಯ ಹೆಂಗಸು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ಅವರಿಗೆ ಸಂಕೋಚವಿರಲಿಲ್ಲ. ವಲೇರಿಯನ್‌ಗೆ ಇದು ಇನ್ನಷ್ಟು ಹೆದರಿಕೆ ತಂದಿತು. ರಿಫೈನರಿಯಲ್ಲಿ ಪ್ರತಿಯೊಂದು ಅಪಾಯಕ್ಕೂ ಒಂದು ಹೆಸರು, ಒಂದು ಬೋರ್ಡು, ಒಂದು ಬಣ್ಣ ಇರುತ್ತದೆ. ಹೆಸರಿಲ್ಲದ ಅಪಾಯದ ಪಕ್ಕದಲ್ಲಿ ಕೂತು ಅವನಿಗೆ ಅಭ್ಯಾಸವಿರಲಿಲ್ಲ.

ಆ ದಿನಗಳಲ್ಲಿ ನನ್ನ ಭಾಷೆಗಳು ಒಂದೊಂದಾಗಿ ಹೋದವು. ಮೊದಲು ಅರಬಿ, ಆಮೇಲೆ ಹಿಂದಿ. ಇಂಗ್ಲಿಷ್ ಅರ್ಧಂಬರ್ಧ. ಲೋಟ ತೋರಿಸಿ ಇದೇನು ಎಂದರೆ ಅದು ಏನೆಂದು ಗೊತ್ತಿತ್ತು, ನೀರು ಕುಡಿಯುವುದು ಎಂದೂ ಗೊತ್ತಿತ್ತು, ಆದರೆ ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಉಳಿದದ್ದು ಕೊಂಕಣಿ ಮತ್ತು ಕನ್ನಡ, ಅವೂ ಕಲಸಿಹೋಗಿ. ವಾರ್ಡಿನಲ್ಲಿ ಐರಿನ್ ಎಂಬ ಶಿರ್ವದ ನರ್ಸ್ ಇದ್ದದ್ದು ನನ್ನ ಪುಣ್ಯ. ತನ್ನ ಪಾಳಿ ಅಲ್ಲದಿದ್ದರೂ ಬಂದು, ಡಾಕ್ಟರ್ ಕೇಳಿದ್ದನ್ನು ನನಗೆ ಕೊಂಕಣಿಯಲ್ಲಿ ಹೇಳಿ, ನಾನು ಒದರಿದ್ದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಒಮ್ಮೆ ನಾನು ಬಹಳ ಹೊತ್ತು ಏನೋ ಹೇಳಿದೆನಂತೆ. ಡಾಕ್ಟರ್ ಪೆನ್ನು ಹಿಡಿದು ಕಾದರು. ಐರಿನ್, "ಆಸ್ಪತ್ರೆಯ ಅನ್ನದಲ್ಲಿ ಉಪ್ಪಿಲ್ಲ ಅಂತಿದ್ದಾಳೆ, ಡಾಕ್ಟರ್" ಎಂದಳಂತೆ. ನನ್ನ ಕಾಯಿಲೆಯ ಕತೆಯಲ್ಲಿ ವಲೇರಿಯನ್ ನಗುತ್ತ ಹೇಳುವುದು ಇದೊಂದನ್ನೇ.

ಅಮ್ಮನಿಗೆ ಊರಿನಲ್ಲಿ ವಿಷಯ ತಿಳಿಸದೆ ಇರಲಾಗಲಿಲ್ಲ. ಅವರು ಅಳಲಿಲ್ಲ, ಪ್ರತಿದಿನ ಸಂಜೆ ಫೋನಿನಲ್ಲಿ ಜಪಸರ ಹೇಳುತ್ತಿದ್ದರು, ವಲೇರಿಯನ್ ಫೋನನ್ನು ನನ್ನ ದಿಂಬಿನ ಪಕ್ಕದಲ್ಲಿ ಇಡುತ್ತಿದ್ದ. ಅಣ್ಣ ಊರಿಗೆ ಕರೆದುಕೊಂಡು ಬಾ ಎಂದು ಹಟ ಹಿಡಿದ. ರಿಯೋನಾ ರೋಗಿಗಳನ್ನು ನೋಡಲು ಬಿಡುವ ಹೊತ್ತಿನಲ್ಲಿ ಬಂದು ಮಂಚದ ತುದಿಯಲ್ಲಿ ಕುಳಿತು ನನ್ನ ಕಾಲುಬೆರಳು ಹಿಡಿದುಕೊಂಡಿರುತ್ತಿದ್ದಳು.

ಕಾಯಿಲೆಗೆ ಹೆಸರು ಸಿಗುವ ದಾರಿ ತೆರೆದದ್ದು ನಮ್ಮ ಕೆಳಗಿನ ಫ್ಲಾಟಿನ ಸುಧಾಳಿಂದ. ಅವಳು ಮೈಸೂರಿನವಳು, ಇಲ್ಲಿ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಮಕ್ಕಳ ಡಾಕ್ಟರು. ಊರಿಗೆ ಹೋದವಳು ಬಂದ ಕೂಡಲೇ ನೇರ ಆಸ್ಪತ್ರೆಗೆ ಬಂದಳು. ವಲೇರಿಯನ್ ಅವಳಿಗೆ ಮೊದಲಿನಿಂದ ಎಲ್ಲ ಹೇಳಿದ. ಜ್ವರ ಬಂತು, ಹೋಯಿತು, ಒಂದು ವಾರ ಬಿಟ್ಟು ತಲೆಗೇರಿತು. ಅವಳು ಮಧ್ಯದಲ್ಲಿ ತಡೆದಳು. ಓದು ಮುಗಿಸಿದ ಹೊಸದರಲ್ಲಿ ಸುಧಾ ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದ್ದಳು. ಅಲ್ಲಿ ಮಂಗನ ಕಾಯಿಲೆಯ ಜ್ವರ ಹೀಗೆಯೇ ಬಂದು, ಹೋಗಿ, ಕೆಲವರಿಗೆ ಮತ್ತೆ ಬಂದದ್ದನ್ನು ಕಂಡವಳು.

"ವಲೇರಿಯನ್, ಸರಿಯಾಗಿ ನೆನಪು ಮಾಡ್ಕೊಳ್ಳಿ. ಆ ಬೆಟ್ಟದಲ್ಲಿ ಇವಳಿಗೆ ಏನಾದ್ರೂ ಕಚ್ಚಿತ್ತಾ? ಉಣ್ಣೆ, ಉಣುಗು ಅಂತಾರಲ್ಲ, ಅದು?"

ವಲೇರಿಯನ್ ಇಲ್ಲ ಎನ್ನಲು ಹೊರಟಿದ್ದ. ಮಂಚದ ತುದಿಯಿಂದ ರಿಯೋನಾ ಹೇಳಿದಳು, "ಯೆಸ್. ಬಿಹೈಂಡ್ ಹರ್ ನೀ. ಐ ಸಾ ಇಟ್."

ಹೇಳಿದವಳೇ ಅತ್ತುಬಿಟ್ಟಳು. ಹುಲ್ಲಿನೊಳಗೆ ಕರೆದದ್ದು ತಾನು ಎಂಬುದು ಅಷ್ಟು ದಿನ ಅವಳ ಎದೆಯಲ್ಲಿತ್ತು ಎಂದು ಯಾರಿಗೂ ತಿಳಿದಿರಲಿಲ್ಲ. ಸುಧಾ ಅವಳನ್ನು ಅಪ್ಪಿಕೊಂಡು, ಈಗ ನೀನು ಹೇಳಿದ್ದು ಎಷ್ಟು ದೊಡ್ಡ ಉಪಕಾರ ಗೊತ್ತಾ ಎಂದಳಂತೆ. ಆಮೇಲೆ ನೇರ ನರರೋಗ ತಜ್ಞೆಯ ಕೋಣೆಗೆ ಹೋದಳು. ಮಂಗನ ಕಾಯಿಲೆಯ ನೆಂಟನಂಥ ಒಂದು ವೈರಸ್ಸು ಯುರೋಪಿನ ಹುಲ್ಲುಗಾವಲುಗಳಲ್ಲಿ ಉಂಟು, ಅದೂ ಉಣುಗಿನಿಂದಲೇ ಬರುವುದು ಎಂಬ ಮಾತು ಅಲ್ಲಿ ನಡೆಯಿತು. ಈಜಿಪ್ಟಿನ ಡಾಕ್ಟರ್ ಬಂದು ಇನ್ನೊಂದು ಪ್ರಶ್ನೆ ಕೇಳಿದರು: ಕಾಯಿಸದ ಆಡಿನ ಹಾಲು, ಅದರ ಚೀಸು ತಿಂದಿದ್ದೀರಾ? ಬೆಟ್ಟದ ಮೇಲೆ ದನ, ಆಡು ಸಾಕುವ ಹಟ್ಟಿಯೊಂದರಲ್ಲಿ ಮೂವರೂ ಚೀಸು ತಿಂದಿದ್ದೆವು. ಅದೂ ಒಂದು ದಾರಿಯಂತೆ. ಆದರೆ ಉಳಿದಿಬ್ಬರಿಗೆ ಏನೂ ಆಗಿರಲಿಲ್ಲ. ರಕ್ತ ಮತ್ತು ಬೆನ್ನಿನ ನೀರನ್ನು ಹೊರದೇಶದ ಲ್ಯಾಬಿಗೆ ಕಳಿಸಿದರು.

ಫಲಿತಾಂಶ ಬರುವಷ್ಟರಲ್ಲಿ ನಾನು ಎದ್ದು ಕೂರುವಂತಾಗಿದ್ದೆ. ಡಾಕ್ಟರ್ ಕುರ್ಚಿ ಎಳೆದುಕೊಂಡು ಕುಳಿತು, ಹೌದು, ಅದೇ ಎಂದರು. ಐರಿನ್ ಪಕ್ಕದಲ್ಲಿದ್ದಳು. ಈ ವೈರಸ್ಸನ್ನು ಕೊಲ್ಲುವ ಮದ್ದು ಇಲ್ಲ, ಮೈಯೇ ಹೋರಾಡಬೇಕು, ನಿನ್ನ ಮೈ ಹೋರಾಡುತ್ತಿದೆ ಎಂದರು. ತಡೆಯುವ ಲಸಿಕೆ ಇದೆ, ಆ ದೇಶದವರು ಬಹಳ ಮಂದಿ ಹಾಕಿಸಿಕೊಳ್ಳುತ್ತಾರೆ ಎಂದರು. ಆಗ ವಲೇರಿಯನ್‌ಗೆ, ಅವತ್ತು ನಾನು ಮೇಲೆ ಬಂದು ಹೇಳಿದ್ದ ಅತಿಥಿಗೃಹದ ಒಡತಿಯ ಪ್ರಶ್ನೆ ಹೊಳೆಯಿತು. ನಾವು ಸರಿಯಾಗಿ ಅರ್ಥ ಮಾಡಿಕೊಂಡಿದ್ದರೆ, ಅವತ್ತೇ ಓಡಿಹೋಗಿ ಚುಚ್ಚಿಸಿದ್ದರೆ ಎಂದು ತಡವರಿಸುತ್ತ ಕೇಳಿದ.

ಡಾಕ್ಟರ್ ತಲೆಯಾಡಿಸಿದರು. "ಕಚ್ಚಿದ ಮೇಲೆ ಹಾಕಿಸಿದರೆ ಆ ಕಡಿತಕ್ಕೆ ಪ್ರಯೋಜನವಿಲ್ಲ. ಹೊರಡುವ ಮೊದಲು ಹಾಕಿಸಬೇಕು, ತಿಂಗಳುಗಳ ಮೊದಲು. ಆ ಬೆಳಿಗ್ಗೆ ನೀವು ಮಾಡಬಹುದಾದದ್ದು ಏನೂ ಇರಲಿಲ್ಲ."

ಈ ಕೊನೆಯ ಮಾತನ್ನು ಅವರು ರಿಯೋನಾಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ಮದ್ದಿಲ್ಲ ಎಂದ ಡಾಕ್ಟರ್ ನಮ್ಮ ಮನೆಗೆ ಕೊಟ್ಟ ಮದ್ದು ಅದೇ.

ಮನೆಗೆ ಬಂದ ಮೇಲೆ ಗುಣವಾಗುವುದು ಸುಲಭ ಎಂದುಕೊಂಡಿದ್ದೆ. ಆಗಲಿಲ್ಲ. ಎಡಗಿವಿ ಮಂದವಾಗಿತ್ತು, ಅದು ಹಾಗೆಯೇ ಉಳಿದಿದೆ. ಕೈ ನಡುಗುತ್ತಿತ್ತು. ಅಡುಗೆಮನೆಯಿಂದ ಮಲಗುವ ಕೋಣೆಗೆ ನಡೆದರೆ ಗೋಡೆ ಹಿಡಿದು ಸುಧಾರಿಸಿಕೊಳ್ಳಬೇಕು. ಎರಡು ಜನ ಒಟ್ಟಿಗೆ ಮಾತಾಡಿದರೆ ತಲೆಯೊಳಗೆ ಸಂತೆ. ನೋಡಲು ಬಂದವರು, ಈಗ ಚೆನ್ನಾಗಿ ಕಾಣ್ತೀಯಲ್ಲ ಎಂದು ಖುಷಿಪಡುತ್ತಿದ್ದರು. ಅವರು ಹೋದ ಮೇಲೆ ನಾನು ಇಡೀ ದಿನ ಮಲಗುತ್ತಿದ್ದೆ. ಇಂಥ ಕಾಯಿಲೆಯಿಂದ ಎದ್ದವರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಹೊರಗಿನಿಂದ ಕಾಣದ ಆ ಸುಸ್ತು ಸೋಮಾರಿತನವಲ್ಲ. ಅದು ಹೋಗುತ್ತದೆ, ಆದರೆ ತನ್ನ ಪುರುಸೊತ್ತಿನಲ್ಲಿ.

ರಿಯೋನಾ ಹುಟ್ಟಿದಾಗಿನಿಂದ ನಾನು ಕೊಂಕಣಿಯಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. ಆ ತಿಂಗಳುಗಳಲ್ಲಿ ಅವಳ ಇಂಗ್ಲಿಷ್ ನನಗೆ ತುಂಬ ವೇಗವಾಗಿತ್ತು. ಅವಳು ತಪ್ಪು ತಪ್ಪಾಗಿ ಕೊಂಕಣಿ ಮಾತಾಡತೊಡಗಿದಳು, ಗಂಡಸಿಗೆ ಹೆಂಗಸಿನ ಕ್ರಿಯಾಪದ ಹಾಕಿ. ನಾನು ಶಬ್ದ ಹುಡುಕುವಾಗ ಅವಳೂ ಶಬ್ದ ಹುಡುಕುತ್ತಿದ್ದಳು. ಕೆಲವೊಮ್ಮೆ ಇಬ್ಬರಿಗೂ ಸಿಗದೆ ಕೈಸನ್ನೆಯಲ್ಲೇ ಮುಗಿಸುತ್ತಿದ್ದೆವು. ದೊಡ್ಡಕ್ಷರದ ಕನ್ನಡ ಪುಸ್ತಕಗಳನ್ನು ಓದುವುದು ನನಗೆ ಮೊದಲು ಸಾಧ್ಯವಾಯಿತು. ಶಾಲೆಯಲ್ಲಿ ಕಲಿತ ಅಕ್ಷರ ಅಷ್ಟು ಆಳದಲ್ಲಿ ಕುಳಿತಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಈ ಬರಹ ಕನ್ನಡದಲ್ಲಿ ಇರುವುದಕ್ಕೂ ಅದೇ ಕಾರಣ.

ವಲೇರಿಯನ್ ತನ್ನ ಹೆದರಿಕೆಯನ್ನು ಕೆಲಸಕ್ಕೆ ಹಚ್ಚಿದ. ತನಗೂ ರಿಯೋನಾಳಿಗೂ ಲಸಿಕೆ ಹಾಕಿಸಬೇಕೆಂದು ಹಟ ಹಿಡಿದ. ಇಲ್ಲಿ ಎಲ್ಲ ಕಡೆ ಸಿಗುವಂಥದ್ದಲ್ಲ. ಸುಧಾ ವಿಚಾರಿಸಿ, ಪ್ರವಾಸಿಗರಿಗೆ ಲಸಿಕೆ ಕೊಡುವ ಒಂದು ಕ್ಲಿನಿಕ್ಕಿನವರು ಹೊರಗಿನಿಂದ ತರಿಸುವಂತೆ ಮಾಡಿದಳು. ನಾನೂ ಜೊತೆಗೆ ಹೋಗಿ ಕುಳಿತೆ. ನನಗೆ ಬೇಕಾಗಿರಲಿಲ್ಲ. ಒಮ್ಮೆ ಈ ಕಾಯಿಲೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲವೆಂದೇ ಹೇಳುತ್ತಾರೆ. ರಿಯೋನಾ ಸೂಜಿಗೆ ಮುಖ ತಿರುಗಿಸಿಕೊಂಡಳು. ಎರಡು ಸೆಕೆಂಡಿನ ಕೆಲಸ. ಚುಚ್ಚಿದ ಜಾಗಕ್ಕೆ ಅವಳು ಒತ್ತಿಕೊಂಡ ಹತ್ತಿಯುಂಡೆಯನ್ನು ನಾನು ನೋಡುತ್ತಲೇ ಇದ್ದೆ.

"ಹೋಗುವ ವಿಚಾರ ಇಲ್ಲದಿದ್ದರೆ ಯಾಕೆ ಹಾಕಿಸುವುದು?" ಎಂದು ಕಾರಿನಲ್ಲಿ ಕೇಳಿದೆ.

"ಹೋಗುವುದಿಲ್ಲ ಅಂತ ಯಾರು ಹೇಳಿದ್ದು? ಹೆದರಿ ಮನೆಯಲ್ಲಿ ಕೂತುಕೊಳ್ಳೋದಕ್ಕಲ್ಲ ಇದು" ಎಂದ ವಲೇರಿಯನ್.

ಹೊಸ ವರ್ಷ ಕಳೆದ ಮೇಲೆ ನಬೀಲ್ ನನ್ನನ್ನು ಅರ್ಧ ದಿನದ ಕೆಲಸಕ್ಕೆ ಕರೆದರು. ಅಷ್ಟು ದಿನ ನನ್ನ ಜಾಗಕ್ಕೆ ಬೇರೆ ಯಾರನ್ನೂ ತೆಗೆದುಕೊಂಡಿರಲಿಲ್ಲ, ಇಲ್ಲಿ ನೆಲೆಸಲು ಬೇಕಾದ ಇಕಾಮಾದ ನವೀಕರಣಕ್ಕೂ ತೊಂದರೆಯಾಗದಂತೆ ನೋಡಿಕೊಂಡಿದ್ದರು. ನನ್ನ ಅರಬಿ ಮಕ್ಕಳ ಅರಬಿಯಾಗಿತ್ತು. ಮೊದಲ ಕೆಲವು ವಾರ ಹಿಂದಿನ ಮೇಜಿನಲ್ಲಿ ಕುಳಿತು ಹೋಟೆಲುಗಳಿಗೆ ಮೇಲ್ ಬರೆಯುವ ಕೆಲಸ ಮಾತ್ರ ಮಾಡಿದೆ.

ಫೆಬ್ರವರಿಯಲ್ಲಿ ಉಮ್ ಫಹದ್ ಬಂದರು. ಅವರು ನಮ್ಮ ಹಳೆಯ ಗಿರಾಕಿ, ದೊಡ್ಡ ಸಂಸಾರದ ಯಜಮಾನಿ. ಪ್ರತಿ ಬೇಸಿಗೆಗೂ ಮಕ್ಕಳು, ಸೊಸೆ, ಮೊಮ್ಮಕ್ಕಳನ್ನು ಕಟ್ಟಿಕೊಂಡು ಆಸ್ಟ್ರಿಯಾಕ್ಕೆ ಹೋಗುವವರು. ಜೆಸಿಂತಾಳೇ ಬೇಕು ಎಂದು ನೇರವಾಗಿ ನನ್ನ ಮೇಜಿಗೆ ಬಂದು ಕುಳಿತರು. ಈ ಸಲ ಹೋಟೆಲು ಬೇಡ, ಬೆಟ್ಟದ ಮೇಲಿನ ಹಟ್ಟಿಯ ಪಕ್ಕದ ಮನೆ ಬೇಕು, ಮಕ್ಕಳು ಹುಲ್ಲಿನಲ್ಲಿ ಓಡಾಡಬೇಕು ಎಂದರು.

ನನ್ನ ಕೈ ಕೀಬೋರ್ಡಿನ ಮೇಲೆ ನಿಂತಿತು. ಹೇಳಬೇಕೋ ಬೇಡವೋ ಎಂದು ನಾನು ಯೋಚಿಸಲಿಲ್ಲ; ಹೇಗೆ ಹೇಳುವುದು ಎಂದಷ್ಟೇ ಯೋಚಿಸಿದೆ, ಏಕೆಂದರೆ ಉಣುಗಿಗೆ ಅರಬಿಯಲ್ಲಿ ಏನೆನ್ನುತ್ತಾರೆಂದು ಹೊಳೆಯಲಿಲ್ಲ. ಒಂಟೆಯ ಮೈಯಲ್ಲಿ ಇರುತ್ತದಲ್ಲ, ರಕ್ತ ಕುಡಿಯುವುದು, ಎಂದೆ. ಅವರು "ಗುರಾದ್" ಎಂದರು. ಹೌದು, ಅದು ಎಂದು, ನನಗಾದದ್ದನ್ನು ಹರಕು ಅರಬಿಯಲ್ಲಿ ಹೇಳಿದೆ. ಹೊರಡುವ ಮೊದಲೇ ಲಸಿಕೆ ಹಾಕಿಸಬೇಕು, ಒಂದಾದ ಮೇಲೆ ಇನ್ನೊಂದಕ್ಕೆ ಸಮಯ ಬೇಕು, ಆದ್ದರಿಂದ ಈಗಲೇ ಶುರುಮಾಡಿ, ಮಕ್ಕಳ ಡಾಕ್ಟರನ್ನು ಕೇಳಿ ಎಂದೆ. ಹುಲ್ಲಿಗೆ ಹೋಗುವಾಗ ಉದ್ದ ಪ್ಯಾಂಟು ಹಾಕಿ, ಅದರ ತುದಿ ಸಾಕ್ಸಿನೊಳಗೆ ಸೇರಿಸಿ. ಸಂಜೆ ಮಕ್ಕಳ ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ಎಲ್ಲ ನೋಡಿ. ಕಂಡರೆ ಎಣ್ಣೆ ಹಚ್ಚಬೇಡಿ, ಸುಡಬೇಡಿ, ಸಣ್ಣ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಹಟ್ಟಿಯ ಹಾಲು ಕಾಯಿಸದೆ ಕೊಡಬೇಡಿ ಎಂದೆ. ಇಷ್ಟು ಹೇಳುವಷ್ಟರಲ್ಲಿ ಬೆವರಿದ್ದೆ.

ಉಮ್ ಫಹದ್ ಚೀಲ ಕೈಗೆತ್ತಿಕೊಂಡರು. ಇಷ್ಟು ವರ್ಷ ಹೋಗಿದ್ದೇವೆ, ಏನೂ ಆಗಿಲ್ಲ ಎಂದು ಎದ್ದರು. ಯೋಚಿಸಿ ಹೇಳುತ್ತೇನೆ ಎಂದು ಬುಕ್ ಮಾಡದೆಯೇ ಹೊರಟರು.

ನಬೀಲ್ ನನ್ನ ಮೇಜಿಗೆ ಬಂದು ನಿಂತರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಬೇಸರವಾಗಿತ್ತು. "ಜೆಸಿಂತಾ, ನಾವು ಟಿಕೆಟ್ ಕೊಡುವವರು. ಹೆದರಿಸಿದರೆ ಖಲಾಸ್, ಅವರು ಬೇರೆ ಆಫೀಸಿಗೆ ಹೋಗ್ತಾರೆ."

ವೀಸಾಕ್ಕೆ ಬೇಕಾದ ಕಾಗದ ಹೇಳುತ್ತೇವೆ, ಚಳಿಗೆ ಕೋಟು ತನ್ನಿ ಎನ್ನುತ್ತೇವೆ, ಇದನ್ನೂ ಹೇಳಿದೆ ಅಷ್ಟೇ ಎಂದೆ. ಇನ್ನು ಮುಂದೆಯೂ ಹೇಳುತ್ತೇನೆ ಎಂದೂ ಸೇರಿಸಿದೆ. ನನ್ನ ದನಿ ನಡುಗುತ್ತಿತ್ತು, ಆದರೆ ಆಗ ನನ್ನ ಎಲ್ಲವೂ ನಡುಗುತ್ತಿದ್ದುದರಿಂದ ಅದು ಹೆದರಿಕೆಯೆಂದು ಅವರಿಗೆ ತಿಳಿಯಲಿಲ್ಲ. ಅವರು ನನ್ನನ್ನು ಆಸ್ಪತ್ರೆಗೆ ಕರೆದೊಯ್ದವರು. ಮತ್ತೆ ವಾದಿಸದೆ ತಮ್ಮ ಕೋಣೆಗೆ ಹೋದರು.

ಮಾರ್ಚ್ ಕಳೆಯಿತು. ಉಮ್ ಫಹದ್ ಫೋನೂ ಮಾಡಲಿಲ್ಲ. ಒಳ್ಳೆಯ ಗಿರಾಕಿಯನ್ನು ಕಳೆದೆ ಎಂದು ನಾನೂ ಒಪ್ಪಿಕೊಂಡೆ. ಏಪ್ರಿಲ್ ಮುಗಿಯುವಾಗ ಅವರ ಹಿರಿಯ ಸೊಸೆ ಫೋನ್ ಮಾಡಿದಳು. ಎಲ್ಲರ ಎರಡನೇ ಡೋಸೂ ಆಗಿದೆ, ಮನೆ ಬುಕ್ ಮಾಡಿ, ಹಟ್ಟಿಯ ಪಕ್ಕದ್ದೇ ಇರಲಿ ಎಂದು ಅತ್ತೆ ಹೇಳಿದ್ದಾರೆ ಎಂದಳು. ಫೋನಿಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅವರು ಮರಳಿದರು. ಒಂದು ಬೆಳಿಗ್ಗೆ ಉಮ್ ಫಹದ್ ಯಾವ ಬುಕಿಂಗೂ ಇಲ್ಲದೆ ಆಫೀಸಿಗೆ ಬಂದು ನನ್ನೆದುರು ಕುಳಿತರು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಚಿಕ್ಕ ಮೊಮ್ಮಗನ ಕಿವಿಯ ಹಿಂದೆ ಎಳ್ಳಿನಷ್ಟು ಕಪ್ಪು ಚುಕ್ಕೆ. ಹತ್ತಿರದಿಂದ ನೋಡಿದರೆ ಕಾಲುಗಳು.

ನನಗೆ ಮಗು ಹೇಗಿದ್ದಾನೆ ಎಂದು ಕೇಳಲು ಶಬ್ದ ಸಿಗಲಿಲ್ಲ. ಅವರಿಗೆ ನನ್ನ ಮುಖದಲ್ಲೇ ಅರ್ಥವಾಯಿತು.

"ಚಿಮುಟಕ್ಕೆ ಹೆದರಿ ಅತ್ತ, ಅಷ್ಟೇ" ಎಂದರು. "ನೀನು ಹೇಳಿದ ಹಾಗೆ ಪ್ರತಿ ಸಂಜೆ ಸಾಲಾಗಿ ನಿಲ್ಲಿಸಿ ನೋಡ್ತಿದ್ದೆ. ಅದು ಕಚ್ಚಿ ತಿಂಗಳು ದಾಟಿತು. ಇವತ್ತು ಬೆಳಿಗ್ಗೆ ಶಾಲೆಗೆ ಹೋಗಲ್ಲ ಅಂತ ಗಲಾಟೆ ಮಾಡಿದ. ಅಲ್ಹಮ್ದುಲಿಲ್ಲಾ."

ಆ ಉಣುಗಿನಲ್ಲಿ ವೈರಸ್ಸು ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಎಲ್ಲ ಉಣುಗಿನಲ್ಲೂ ಅದು ಇರುವುದಿಲ್ಲ. ನಾನು ಅದನ್ನು ಅವರಿಗೆ ಹೇಳಿದೆ. ಗೊತ್ತಿಲ್ಲದೆ ಇರುವುದೇ ಒಳ್ಳೆಯದು ಎಂದು ಅವರು ನಕ್ಕರು. ತಮ್ಮ ಚೀಲದಿಂದ ಏಲಕ್ಕಿ ಹಾಕಿದ ಚಹಾದ ಫ್ಲಾಸ್ಕು, ಎರಡು ಪುಟ್ಟ ಗಾಜಿನ ಲೋಟ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕೈ ಕಡೆ ನೋಡಿ, ಈಗಲೂ ನಡುಗುತ್ತದೆಯೇ ಎಂದು ಕೇಳಿದರು.

"ಲೋಟ ತುಂಬಿದ್ದರೆ ಮಾತ್ರ" ಎಂದೆ.

ಅವರು ತಲೆಯಾಡಿಸಿ, ನನ್ನ ಲೋಟಕ್ಕೆ ಅರ್ಧ ಚಹಾ ಬಗ್ಗಿಸಿದರು. ಆಮೇಲೆ ತಮ್ಮದಕ್ಕೂ ಅರ್ಧವೇ ಬಗ್ಗಿಸಿಕೊಂಡರು. ಕುಡಿದು ಮುಗಿದ ಮೇಲೆ ಇಬ್ಬರಿಗೂ ಇನ್ನರ್ಧ ಹಾಕಿದರು.